ಓಹಾಯೋ ಕಂಡ ಬೂಸಾ ಅಂಗಡಿಯ ಅಂಗಿ

ಕೊಟ್ಟೂರು

ನಾನು ಹತ್ತನೇ ಕ್ಲಾಸು ದಾಟುವುದಿಲ್ಲ ಎಂದವನು ನನ್ನ ಸೋದರಮಾವ ಸಿದ್ದಪ್ಪ. ದಾಟಿದೆ. ಪಿಯುಸಿ ದಾಟುವುದಿಲ್ಲ ಎಂದ. ಅದನ್ನೂ ದಾಟಿದೆ. ಡಿಗ್ರಿಯಂತೂ ಆಗದ ಮಾತು, ನಮ್ಮ ಕುರಿ ಕಾಯುವ ಮನೆತನದಲ್ಲಿ ಗಂಡಸರೇ ಅದರ ಮುಖ ನೋಡಿಲ್ಲ ಎಂದ. ನಾನು ಬಿ.ಎ. ಮುಗಿಸಿ, ಅದರ ಮೇಲೆ ದೈಹಿಕ ಶಿಕ್ಷಣದ ಪದವಿಯನ್ನೂ ಪಡೆದು, ಹಗರಿಬೊಮ್ಮನಹಳ್ಳಿಯ ಕಾಲೇಜೊಂದರಲ್ಲಿ ಆಟದ ಮೇಡಂ ಆದಾಗ ಮಾವನ ಬಾಯಿ ಕಟ್ಟಿತು ಅಂದುಕೊಂಡೆ. ಕಟ್ಟಿರಲಿಲ್ಲ, ದಣಿವಾರಿಸಿಕೊಳ್ಳುತ್ತಿತ್ತು ಅಷ್ಟೇ. ಕಾಲೇಜುಗಳಲ್ಲಿ ಆಟವನ್ನು ಹೇಗೆ ನಡೆಸಬೇಕು ಎಂದು ಕಲಿಸುವ ಸಣ್ಣ ಕೋರ್ಸಿಗೆ ಅಮೆರಿಕದ ಒಂದು ವಿಶ್ವವಿದ್ಯಾಲಯ ಬೇರೆ ಬೇರೆ ದೇಶದ ಶಿಕ್ಷಕರನ್ನು ತನ್ನ ಖರ್ಚಿನಲ್ಲೇ ಕರೆಸಿಕೊಳ್ಳುತ್ತದೆ, ಅದರಲ್ಲಿ ನನ್ನ ಹೆಸರೂ ಇದೆ ಎಂದು ತಿಳಿದ ಕೂಡಲೇ ಆ ಬಾಯಿ ಮತ್ತೆ ತೆರೆಯಿತು.

"ನಿನ್ನನ್ನ ಇಮಾನದಾಗ ಯಾವನು ಕುಂದರಿಸ್ಕೊಂತಾನಲೇ ಮಾಳಿ? ಬೆಂಗಳೂರುಮಟ ಹೋಗಿ ತಿರುಗಿ ಬರ್ತಿ ನೋಡು. ಇದು ಆಗದ ಮಾತು."

ಮಾಳಿ ಎಂದರೆ ನಾನೇ, ಮಾಳಮ್ಮ.

ಮಾವ ಕೆಟ್ಟವನಲ್ಲ. ವ್ಯಾಪಾರಿ. ಕೊಟ್ಟೂರಿನಲ್ಲಿ ದನಕರುಗಳಿಗೆ ಹಿಂಡಿ, ಬೂಸಾ ಮಾರುವ ಅಂಗಡಿ ಅವನದು. ನಾನು ಪಿಯುಸಿ ಓದುವಾಗ ಪುಸ್ತಕಕ್ಕೆ ಸಹಾಯ ಮಾಡು ಎಂದು ಕೇಳಿದ್ದೆ. "ಓದಾಕ ಕೊಟ್ರ ನನಗೇನು ಬಂತು? ಅಂಗಿಗೆ ಕೊಟ್ರ ಹೆಸರರ ಬರತೈತಿ" ಎಂದವನು, ನಮ್ಮ ಖೋ ಖೋ ತಂಡಕ್ಕೆ ಹಸಿರು ಅಂಗಿ ಹೊಲಿಸಿಕೊಟ್ಟ. ಬೆನ್ನ ಮೇಲೆ ಹಳದಿ ಅಕ್ಷರದಲ್ಲಿ ಮೊದಲ ಸಾಲು 'ಶ್ರೀ ಬೀರಲಿಂಗೇಶ್ವರ', ಎರಡನೇ ಸಾಲು 'ಹಿಂಡಿ ಬೂಸಾ ಅಂಗಡಿ, ಕೊಟ್ಟೂರು'. ಕಬಡ್ಡಿಯವರೂ ಬಂದು ಕೇಳಿದ್ದರು. ಅವರಿಗೆ ಕೊಡಲಿಲ್ಲ. ಕಾರಣವನ್ನು ನನಗೆ ಗುಟ್ಟಾಗಿ ಹೇಳಿದ.

"ಕಬಡ್ಡ್ಯಾಗ ಒಬ್ಬರ ಮ್ಯಾಲೊಬ್ಬರು ಬೀಳ್ತಾರ, ಬೋರ್ಡ್ ಓದಾಕ ಬರಂಗಿಲ್ಲ. ಖೋ ಖೋದಾಗ ನೀವು ಸಾಲಾಗಿ ಕುಂದರ್ತೀರಿ. ಒಬ್ಬಾಕಿ ಈ ಕಡಿ ಮುಖ, ಒಬ್ಬಾಕಿ ಆ ಕಡಿ ಮುಖ. ಎರಡೂ ಕಡಿ ಮಂದಿಗೆ ಅರ್ಧರ್ಧ ಬೆನ್ನು ಸಿಗತಾವು. ಕುಂತು ಓದಬೋದು."

ಆ ಅಂಗಿ ಹಾಕಿಕೊಂಡು ಆಡಿಯೇ ನನಗೆ ಆಟದ ಕೋಟಾದಲ್ಲಿ ಡಿಗ್ರಿ ಸೀಟು ಸಿಕ್ಕಿತು. ಇದನ್ನು ಮಾವ ಇಂದಿಗೂ ಒಪ್ಪುವುದಿಲ್ಲ. ಒಪ್ಪಿದರೆ ಓದಲು ಸಹಾಯ ಮಾಡಿದಂತಾಗುತ್ತದಲ್ಲ.

ಈಗ ನನ್ನ ಕಾಲೇಜಿನ ಹುಡುಗಿಯರ ಖೋ ಖೋ ತಂಡವಿದೆ. ಮಣ್ಣಿನ ಅಂಗಳದಲ್ಲಿ ಬರಿಗಾಲಿನಲ್ಲಿ ಗಾಳಿಯ ಹಾಗೆ ಓಡುತ್ತಾರೆ. ಆದರೆ ಮುಂದಿನ ಪಂದ್ಯಗಳು ಮ್ಯಾಟಿನ ಮೇಲೆ. ಬೂಟು ಇಲ್ಲದವರು ಇಳಿಯುವಂತಿಲ್ಲ ಎಂದು ಸುತ್ತೋಲೆ ಬಂದಿದೆ. ಹಂಪಸಾಗರದಿಂದ ಬರುವ ಅಕ್ಕತಂಗಿಯರ ಬಳಿ ಒಂದು ಜೊತೆ ಬೂಟು ಇದೆ, ಅದೂ ಅವರಣ್ಣನದು. ನಾನು ಮಾವನ ಅಂಗಡಿಗೆ ಹೋಗಿ, ಹುಡುಗಿಯರಿಗೆ ಬೂಟು ಕೊಡಿಸು ಎಂದು ಬೂಸಾ ಚೀಲದ ಮೇಲೆ ಕುಳಿತೆ. ಅವನು ಬಹಳ ಹೊತ್ತು ಗಡ್ಡ ಕೆರೆದುಕೊಂಡು ಕರಾರು ಹೇಳಿದ.

"ಅಮೆರಿಕಾದಾಗ ಸರ್ಟಿಫಿಕೇಟು ತಗೊಳ್ಳಾಗ ನನ್ನ ಅಂಗಡಿ ಅಂಗಿ ನಿನ್ನ ಮೈಮ್ಯಾಲೆ ಇರಬೇಕು. ಹೆಸರು ಫೋಟೋದಾಗ ಕಾಣಬೇಕು. ಕಂಡ್ರ ನಿನ್ನ ಹುಡುಗ್ಯಾರಿಗೆಲ್ಲಾ ಬೂಟು. ಕಾಣಲಿಲ್ಲಂದ್ರ ನಾನೂ ಇಲ್ಲ, ಬೂಟೂ ಇಲ್ಲ."

"ಹೋಗಾದ ಆಗದ ಮಾತು ಅಂದಿದ್ದಿ?"

"ಹೋದ್ರ ಅಂತ ಹೇಳಾಕತ್ತೀನಿ. ವ್ಯಾಪಾರದಾಗ ಎರಡೂ ಕಡಿ ನೋಡ್ಬೇಕು."

ಫೋಟೋಕ್ಕೆಂದೇ ಹೊಸ ಅಂಗಿ ಬಂತು. ಈ ಸಲ ಎದೆಯ ಮೇಲೂ ಅಕ್ಷರ. ಜೊತೆಗೆ ಒಂದು ಬುದ್ಧಿವಾದ: "ಎಲ್ಲಾರಂಗ ಸರ್ಟಿಫಿಕೇಟು ಎದಿಗೆ ಅವಚಿಕೊಂಡು ನಿಂದರಬ್ಯಾಡ. ಹೊಟ್ಟಿ ಹತ್ರ ಹಿಡಿ. ಅಂಗಡಿ ಮುಚ್ಚಬಾರದು."

ಅವ್ವನಿಗೆ ಮಾತ್ರ ಬೇರೆಯೇ ಚಿಂತೆ. ಹೋಗುವ ಊರು ಯಾವ ರಾಜ್ಯದಲ್ಲಿದೆ ಎಂದು ಕೇಳಿದಳು. ಓಹಾಯೋ ಎಂದೆ.

"ಹಾಯೋದಾ? ಎಮ್ಮಿ ಹಾಯ್ತಾವೋ, ಮಂದಿ ಹಾಯ್ತಾರೋ? ಸ್ವಲ್ಪ ದೂರನ ನಿಂತು ಮಾತಾಡ್ಸವ್ವ."

ಇಳಿದ ಕೂಡಲೇ ನಾಯಿ

ವಿಮಾನದ ಬಗ್ಗೆ ಬರೆಯಲು ಏನೂ ಇಲ್ಲ. ಕುಳಿತೆ, ತಿಂದೆ, ಕಾಲು ಬಾತವು. ಕಥೆ ಇರುವುದು ಇಳಿದ ಮೇಲೆ.

ಚೀಲ ತೆಗೆದುಕೊಂಡು ಸಾಲಿನಲ್ಲಿ ನಿಂತಿದ್ದೆ. ನೀಲಿ ಅಂಗಿ ತೊಟ್ಟ ಒಂದು ಸಣ್ಣ ನಾಯಿ ತನ್ನ ಅಧಿಕಾರಿಯನ್ನು ಎಳೆದುಕೊಂಡು ಬಂತು. ಎಲ್ಲರ ಚೀಲ ಮೂಸಿ ಮೂಸಿ ಮುಂದೆ ಹೋಯಿತು. ನನ್ನ ಚೀಲದ ಮುಂದೆ ಬಂದು, ನಮ್ಮ ಹುಡುಗಿಯರು ಖೋ ಖೋ ಚೌಕದಲ್ಲಿ ಕೂರುವ ಹಾಗೆ, ಅಚ್ಚುಕಟ್ಟಾಗಿ ಕುಳಿತುಬಿಟ್ಟಿತು. ಸುತ್ತಲಿನವರು ನನ್ನಿಂದ ಒಂದೊಂದು ಹೆಜ್ಜೆ ಸರಿದರು.

ಇಲ್ಲಿ ಒಂದು ಮಾತು ಹೇಳಿಬಿಡುತ್ತೇನೆ. ಅಲ್ಲಿನವರು ಆಡಿದ್ದೆಲ್ಲ ಇಂಗ್ಲಿಷೇ. ಆದರೆ ನನ್ನ ಕಿವಿ ಹೊಲಕ್ಕೆ ಹೋಗಿ ಬೆಳೆದದ್ದು. ಅದರೊಳಗೆ ಹೋದದ್ದೆಲ್ಲ ನಮ್ಮ ಮಾತಾಗಿಯೇ ಕೇಳಿಸುತ್ತದೆ. ಕೇಳಿಸಿದ ಹಾಗೇ ಬರೆಯುತ್ತೇನೆ.

"ಚೀಲದಾಗ ಕಾಳುಕಡಿ ಏನರ ಐತೇನ್ರಿ?" ಎಂದ ಅಧಿಕಾರಿ.

"ಇಲ್ರಿ."

ತೆಗೆಸಿದ. ಸೀರೆ, ಸ್ವೆಟರು, ಚಪ್ಪಲಿ. ನಾಯಿಗೆ ಅವು ಯಾವುವೂ ಬೇಡ. ಕಡೆಗೆ ಹಸಿರು ಅಂಗಿ ಹೊರಬಂತು. ನಾಯಿ ಬಾಲ ಆಡಿಸಿತು. ಆಗ ನನಗೆ ಹೊಳೆಯಿತು: ಮಾವ ಅಂಗಿಯನ್ನು ನಾನು ಹೊರಡುವ ತನಕ ಶೇಂಗಾ ಹಿಂಡಿಯ ಚೀಲಗಳ ನಡುವೆ ಜೋಪಾನ ಮಾಡಿಟ್ಟಿದ್ದ.

ಅಧಿಕಾರಿ ಅಂಗಿಯನ್ನು ಮೂಗಿಗೆ ಹಿಡಿದು, "ಅಂಗಿಗೆ ಯಾಕ ದನದ ಮೇವಿನ ವಾಸನಿ?" ಎಂದ.

"ನನ್ನ ಸ್ಪಾನ್ಸರ್ ರೀ."

ಅವನು ಅಂಗಿ ಝಾಡಿಸಿ, ಬೆಳಕಿಗೆ ಹಿಡಿದು, ಮಡಿಸಿ ಕೊಟ್ಟ. ನಾಯಿಗೆ ಮಾತ್ರ ಸಮಾಧಾನವಾಗಲಿಲ್ಲ. ಬಾಗಿಲ ತನಕ ನನ್ನನ್ನೇ ತಿರುಗಿ ತಿರುಗಿ ನೋಡಿತು. ಅಮೆರಿಕದಲ್ಲಿ ಮಾವನ ಮಾಲಿಗೆ ಸಿಕ್ಕ ಮೊದಲ ಗಿರಾಕಿ ಅದು.

ಮೆಕ್ಕೆಜೋಳದ ಊರು

ಓಹಾಯೋ ಎಂದರೆ ಏನೋ ಅಂದುಕೊಂಡಿದ್ದೆ. ರಸ್ತೆಯ ಎರಡೂ ಬದಿಗೆ ಮೆಕ್ಕೆಜೋಳ. ನಮ್ಮ ಕೊಟ್ಟೂರಿನಿಂದ ಚಿಗಟೇರಿಗೆ ಹೋದರೂ ಇದೇ ಕಾಣುತ್ತದೆ. ಇದನ್ನು ನೋಡಲು ಇಷ್ಟು ದೂರ ಕಾಲು ಊದಿಸಿಕೊಂಡು ಬಂದೆನೇ ಎಂದು ಒಂದು ಕ್ಷಣ ಬೇಸರವಾಯಿತು. ವ್ಯತ್ಯಾಸ ಒಂದೇ: ಹೊಲದಲ್ಲಿ ಒಬ್ಬ ಮನುಷ್ಯನೂ ಇಲ್ಲ. ಹಕ್ಕಿ ಓಡಿಸುವವರೂ ಇಲ್ಲ.

ಮನುಷ್ಯರೆಲ್ಲ ಊರೊಳಗಿದ್ದರು, ಮತ್ತು ಎಲ್ಲರೂ ಒಂದೇ ಬಣ್ಣದ ಅಂಗಿಯಲ್ಲಿದ್ದರು. ಶನಿವಾರ ಕಾಲೇಜಿನ ಫುಟ್‌ಬಾಲ್ ಪಂದ್ಯವಂತೆ. ಅವರ ಫುಟ್‌ಬಾಲನ್ನು ಕೈಯಲ್ಲಿ ಹಿಡಿದುಕೊಂಡು ಓಡುತ್ತಾರೆ. ಹೆಸರಿನ ವಿಚಾರ ನಾನು ಕೇಳಲು ಹೋಗಲಿಲ್ಲ. ಹಣ್ಣು ಹಣ್ಣು ಮುದುಕಿಯರು, ಕೂಸುಗಳು, ಬ್ಯಾಂಕಿನವರು ಎಲ್ಲರೂ ಕಾಲೇಜಿನ ಅಂಗಿ ಹಾಕಿಕೊಂಡಿದ್ದರು, ಒಂದು ನಾಯಿ ಕೂಡ. ಎಲ್ಲರ ಎದೆಯ ಮೂಲೆಯಲ್ಲಿ ಬಟ್ಟೆ ಕಂಪನಿಯೊಂದರ ಅದೇ ಸಣ್ಣ ಗುರುತು.

ಎರಡು ಹಿಂಡು ಕಲೆತಾಗ ನಮ್ಮವು ಯಾವುವೆಂದು ತಿಳಿಯಲಿ ಎಂದು ಅಪ್ಪ ಕುರಿಯ ಬೆನ್ನಿಗೆ ಕೆಂಪು ಬಣ್ಣ ಹಚ್ಚುತ್ತಾನೆ. ಅದನ್ನೇ ಇಲ್ಲಿ ಅಂಗಿಗೆ ಮಾಡಿದ್ದಾರೆ ಅನ್ನಿಸಿತು. ಆದರೆ ನಮ್ಮ ಕುರಿಗಳು ಬಣ್ಣ ಹಚ್ಚಿಸಿಕೊಳ್ಳಲು ಅಂಗಡಿಗೆ ಹೋಗಿ ದುಡ್ಡು ಕೊಡುವುದಿಲ್ಲ. ಅಷ್ಟು ಮುಂದುವರಿದಿಲ್ಲ.

ಬಾರ್ಬಕ್ಕನ ಬಟ್ಟೆ ಕೋಣೆ

ಕಾಲೇಜಿನ ಆಟಗಾರರ ಬಟ್ಟೆಬರೆ ಕೊಡುವ ಕೋಣೆ ನಮ್ಮ ಇಡೀ ಕಾಲೇಜಿನಷ್ಟಿದೆ. ಅದನ್ನು ನೋಡಿಕೊಳ್ಳುವವಳ ಹೆಸರು ಬಾರ್ಬರಾ. ದಪ್ಪ ಕನ್ನಡಕ, ಸೊಂಟಕ್ಕೆ ಬೀಗದ ಗೊಂಚಲು. ನೋಡಿದ ಕೂಡಲೇ ಅಕ್ಕ ಅನ್ನಬೇಕು ಅನ್ನಿಸಿತು. ಬಾರ್ಬಕ್ಕ ಆದಳು. ಅಕ್ಕ ಎಂದರೆ ಏನೆಂದು ಹೇಳಿದ ಮೇಲೆ ಉಳಿದವರಿಂದಲೂ ಹಾಗೇ ಕರೆಸಿಕೊಂಡಳು.

ಗೋಡೆಯುದ್ದಕ್ಕೂ ಬೂಟು. ಓಡುವ ಬೂಟು, ಹಾರುವ ಬೂಟು, ಒದೆಯುವ ಬೂಟು, ಬಸ್ಸಿನಲ್ಲಿ ಕೂರುವ ಬೂಟು. ನಾನು ಅವುಗಳ ಮುಂದೆ ಸುಮ್ಮನೆ ನಿಂತುಬಿಟ್ಟೆ. ಹಂಪಸಾಗರದ ಹುಡುಗಿಯರು ಅಣ್ಣನ ಬೂಟಿನ ತುದಿಗೆ ಬಟ್ಟೆ ತುರುಕುವುದು ನೆನಪಾಯಿತು.

"ಹಿಂಗ್ಯಾಕ ನಿಂತಿ?" ಎಂದಳು ಬಾರ್ಬಕ್ಕ.

"ಏನಿಲ್ಲಕ್ಕ. ಇವೆಲ್ಲಾ ಪುಕ್ಕಟೇನಾ?"

"ಹುಡುಗರಿಗೆ ಪುಕ್ಕಟೆ. ಲೋಕದಾಗ ಪುಕ್ಕಟೆ ಏನೈತವ್ವ?" ಎಂದು ಕಿಸೆಯಿಂದ ಒಂದು ಕರಿ ಅಂಟುಪಟ್ಟಿಯ ಸುರುಳಿ ತೆಗೆದು ತೋರಿಸಿದಳು. ಈ ಆಟದ ಭವನದ ಒಳಗೆ ಕಾಲೇಜಿನ ಕಾರ್ಯಕ್ರಮವಿದ್ದಾಗ ಊರವರ ಅಂಗಿಯ ಮೇಲೆ ಕಂಡ, ಈ ಬೂಟುಗಳನ್ನೂ ಕೊಟ್ಟ ಆ ಒಂದು ಕಂಪನಿ ಬಿಟ್ಟು ಬೇರೆ ಯಾರ ವ್ಯಾಪಾರದ ಗುರುತೂ ಕಾಣುವಂತಿಲ್ಲ. ಕರಾರು. ಯಾರಾದರೂ ಬೇರೆ ಬೂಟು ಹಾಕಿಕೊಂಡು ಬಂದರೆ ಬಾರ್ಬಕ್ಕ ಮಂಡಿಯೂರಿ ಗುರುತಿನ ಮೇಲೆ ಪಟ್ಟಿ ಹಚ್ಚುತ್ತಾಳೆ.

"ಒಂದು ಸಲ ನೀರಿನ ಯಂತ್ರಕ್ಕೂ ಹಚ್ಚೀನಿ" ಎಂದಳು ಹೆಮ್ಮೆಯಿಂದ.

ನಾನು ನಕ್ಕೆ. ಆ ನಗು ಕೋರ್ಸು ಮುಗಿಯುವ ತನಕ ಮಾತ್ರ ಬಾಳಿತು.

ಪಾಠದಲ್ಲಿ ಕುರಿ

ಹ್ಯಾರಿಸ್ ಎಂಬ ಪ್ರೊಫೆಸರ್ ನಮಗೆ ಈ ಅಂಗಿ ಕರಾರುಗಳ ಪಾಠ ಮಾಡಿದರು. ಕಂಪನಿ ಕಾಲೇಜಿಗೆ ಅಂಗಿ, ಬೂಟು, ಚೆಂಡು ಕೊಡುತ್ತದೆ. ದೊಡ್ಡ ಕಾಲೇಜಾದರೆ ಮೇಲೆ ತಾನೇ ದುಡ್ಡನ್ನೂ ಕೊಡುತ್ತದೆ. ಸಣ್ಣ ಕಾಲೇಜಾದರೆ ದುಡ್ಡೂ ಇಲ್ಲ, ಪುಕ್ಕಟೆಯೂ ಇಲ್ಲ, ಬರೀ ರಿಯಾಯಿತಿ. ಟಿ.ವಿ.ಯಲ್ಲಿ ಎಷ್ಟು ಹೊತ್ತು ಕಾಣುತ್ತಾರೆ, ಗೆಲ್ಲುತ್ತಾರೋ ಇಲ್ಲವೋ, ಊರವರು ಆ ಅಂಗಿಯನ್ನು ಎಷ್ಟು ಕೊಳ್ಳುತ್ತಾರೆ, ಇದರ ಮೇಲೆ ಬೆಲೆ. ಪತ್ರಿಕೆಯಲ್ಲಿ ಬರುವ ದೊಡ್ಡ ಮೊತ್ತ ನೋಡಿ ಬಾಯಿ ಬಿಡಬೇಡಿ ಎಂದರು. ಅದರಲ್ಲಿ ಬಹಳಷ್ಟು ನಗದಲ್ಲ, ಮಾಲು. ಅದಕ್ಕೂ ಕಾರ್ಖಾನೆಯ ಬೆಲೆ ಹಾಕದೆ ಅಂಗಡಿಯ ಬೆಲೆ ಹಾಕಿರುತ್ತಾರೆ.

ಇದು ನನಗೆ ತಟ್ಟನೆ ತಿಳಿಯಿತು. ನೆಂಟರ ಮದುವೆಗೆ ಮಾವ ಒಂದು ಚೀಲ ಹಿಂಡಿ ಕೊಟ್ಟು, ಗಿರಾಕಿಗೆ ಹೇಳುವ ಬೆಲೆಯನ್ನೇ ಊರೆಲ್ಲ ಹೇಳಿಕೊಂಡು ಬರುತ್ತಾನೆ.

ಇನ್ನೊಂದು ಮಾತಿಗೆ ಇಡೀ ಕ್ಲಾಸು ನಕ್ಕಿತು. ಕಾಲು ಉಳುಕದಿರಲಿ ಎಂದು ಆಟಗಾರರು ಬೂಟಿನ ಮೇಲೆ ಪಟ್ಟಿ ಸುತ್ತಿಕೊಳ್ಳುವುದಿದೆ. ಆ ಪಟ್ಟಿ ಕಂಪನಿಯ ಗುರುತನ್ನು ಮುಚ್ಚಬಾರದು ಎಂದು ಕೆಲವು ಕರಾರುಗಳಲ್ಲಿ ಬರೆದಿರುತ್ತದಂತೆ. ಉಳುಕಿದರೆ ಕಾಲು ಹುಡುಗನದು, ಮುಚ್ಚಿದರೆ ಗುರುತು ಕಂಪನಿಯದು.

"ನಿಮ್ಮ ಊರಾಗ ಇಂಥಾ ಕರಾರು ಅದಾವೇನ್ರಿ?" ಎಂದು ಹ್ಯಾರಿಸ್ ಸರ್ ನನ್ನನ್ನು ಎಬ್ಬಿಸಿದರು.

ಮಾವನ ಅರ್ಧರ್ಧ ಬೆನ್ನಿನ ಲೆಕ್ಕ ಹೇಳಿದೆ. ಅವರು ಬೋರ್ಡಿನ ಮೇಲೆ ಖೋ ಖೋ ಸಾಲು ಬರೆದು, ಎಡಕ್ಕೊಂದು ಬಲಕ್ಕೊಂದು ಬೆನ್ನು ಗುರುತು ಹಾಕಿ, ಮೆಚ್ಚಿ ತಲೆದೂಗಿದರು. ಹುರುಪು ಬಂತು. ಕುರಿ ನಿಲ್ಲಿಸುವುದನ್ನೂ ಹೇಳಿಬಿಟ್ಟೆ. ಬೆಳೆ ತೆಗೆದ ಹೊಲದಲ್ಲಿ ರಾತ್ರಿ ಕುರಿಹಿಂಡು ನಿಲ್ಲಿಸಿದರೆ ಹಿಕ್ಕೆ ಬಿದ್ದು ಗೊಬ್ಬರವಾಗುತ್ತದೆ. ಅದಕ್ಕೆ ಹೊಲದವರು ಕುರಿಯವನಿಗೆ ಜೋಳವನ್ನೋ ದುಡ್ಡನ್ನೋ ಕೊಡುತ್ತಾರೆ, ಊಟವನ್ನೂ ಹಾಕುತ್ತಾರೆ. ಕಂಪನಿ ಹೊಲದವನು, ಕಾಲೇಜು ಕುರಿಯವನು. ಕರಾರು ಅವರಿಬ್ಬರದು. ನಿಲ್ಲುವವರು ಬೇರೆ.

ಮುಂದಿನ ಬೆಂಚಿನಲ್ಲಿ ಆ ಕಾಲೇಜಿನದೇ ಓಟದ ಹುಡುಗಿಯೊಬ್ಬಳು ಕುಳಿತಿದ್ದಳು. ಹೆಸರು ಕೈಲಾ. ನಮ್ಮಲ್ಲಿ ಆ ಹೆಸರಿಟ್ಟರೆ ಮೂರನೇ ಕ್ಲಾಸಿನೊಳಗೆ 'ಕೈಲಾಗದಾಕಿ' ಆಗಿಬಿಡುತ್ತಿದ್ದಳು. ಅವಳು ಸೊಂಟದ ಮೇಲೆ ಕೈಯಿಟ್ಟು ಎದ್ದಳು.

"ಅಂದ್ರ ಮೇಡಂ, ನಾನು ಕುರಿ ಏನ್ರಿ?"

"ಇಲ್ಲವ್ವ. ಕುರಿಗೆ ಬೂಟು ಕೊಡಂಗಿಲ್ಲ."

ಕೈಲಾ ಬಿದ್ದು ಬಿದ್ದು ನಕ್ಕಳು. ಈಗ ನಿಯಮ ಬದಲಾಗಿದೆಯಂತೆ, ಆಟಗಾರರೂ ತಮ್ಮ ಹೆಸರಿನಿಂದ ಸಂಪಾದಿಸಬಹುದಂತೆ. ಅವಳಿಗೂ ಊರಿನ ಒಂದು ರೊಟ್ಟಿ ಅಂಗಡಿಯವನು ಸ್ಪಾನ್ಸರ್. ವಾರಕ್ಕೊಮ್ಮೆ ಅವನ ರೊಟ್ಟಿ ತಿನ್ನುವ ಫೋಟೋವನ್ನು ಇಂಟರ್ನೆಟ್ಟಿಗೆ ಹಾಕಬೇಕು, ಅಷ್ಟೇ. "ನಿಮ್ಮ ಮಾವನಂಗ ಅದಾನ್ರಿ" ಎಂದಳು.

ನನ್ನ ಮಾವನಂಥವರು ಅಲ್ಲಿಯೂ ಇದ್ದಾರೆ ಎಂದು ತಿಳಿದು ಧೈರ್ಯ ಬಂತು. ಅಂಗಿಯನ್ನು ಒಗೆದು, ಹಿಂಡಿಯ ವಾಸನೆ ಹೋಗುವ ತನಕ ಗಾಳಿಗೆ ಹಾಕಿ, ಇಸ್ತ್ರಿ ಮಾಡಿಟ್ಟೆ.

ಕಡೆಯ ದಿನ

ಸರ್ಟಿಫಿಕೇಟು ಕೊಡುವ ಕಾರ್ಯಕ್ರಮ ಅದೇ ಆಟದ ಭವನದ ಹಾಲಿನಲ್ಲಿ. ಹಸಿರು ಅಂಗಿ ತೊಟ್ಟು, ಜಡೆ ಬಿಗಿದು ಹೊರಟೆ. ಬಾಗಿಲಲ್ಲಿ ಬಾರ್ಬಕ್ಕ ನಿಂತಿದ್ದಳು.

"ಚಂದ ಕಾಣ್ತಿ ಮಾಳಮ್ಮ. ಎದಿ ಮ್ಯಾಲೆ ಏನು ಬರಸೀದಿ?"

"ಮ್ಯಾಲಿನ ಸಾಲು ನಮ್ಮ ಮನಿದೇವ್ರಕ್ಕ."

"ಇರ್ಲಿ. ದೇವರ ಜೋಡಿ ಕಂಪನೀದು ತಕರಾರಿಲ್ಲ. ಕೆಳಗಿಂದು?"

ನಾನು ಸುಳ್ಳು ಹೇಳಬಹುದಿತ್ತು. ದೇವರ ಊರು ಎನ್ನಬಹುದಿತ್ತು, ದೇವರ ಹೆಂಡತಿ ಎನ್ನಬಹುದಿತ್ತು. ಆ ಹಾಲಿನಲ್ಲಿ ಕನ್ನಡ ಬಲ್ಲವಳು ನಾನೊಬ್ಬಳೇ. ನನ್ನ ಹುಡುಗಿಯರ ಅಷ್ಟೂ ಬೂಟು ಆ ಒಂದು ಉತ್ತರದಲ್ಲಿತ್ತು. ಆದರೆ ನಮ್ಮ ಕಡೆಯವರ ಚಾಳಿ ನಿಮಗೆ ಗೊತ್ತೇ ಇದೆ. ಇದು ಯಾರ ಅಂಗಡಿ ಎಂದು ಪರವೂರಿನವರು ಕೇಳಿದರೆ ಸಾಕು, ನಮ್ಮವರದು ಎಂದು ಹೇಳುವ ಸುಖವನ್ನು ಬಿಡಲಾರೆವು. ಕೊಟ್ಟೂರು ಬಸ್ ಸ್ಟ್ಯಾಂಡಿನ ಕಂಡಕ್ಟರನ ದನಿಯಲ್ಲಿ ಓದಿದೆ.

"ಹಿಂಡಿ ಬೂಸಾ ಅಂಗಡಿ, ಕೊಟ್ಟೂರು! ದನದ ಮೇವು ಮಾರತಾರ. ನಮ್ಮ ಮಾವಂದಕ್ಕ!"

ಬಾರ್ಬಕ್ಕನ ಕೈ ಕಿಸೆಗೆ ಹೋಯಿತು. ಹೊರಗೆ ಬಂದಾಗ ಅದರಲ್ಲಿ ಕರಿ ಪಟ್ಟಿ ಇತ್ತು.

"ಅಕ್ಕಾ, ನಿಲ್ಲು. ನಿಮ್ಮ ಕಂಪನಿ ಮಾರಾದು ಬೂಟು. ಎಮ್ಮಿ ಬೂಟು ಹಾಕ್ಕೊಂತಾವೇನು?"

"ಕರಾರಿನಾಗ ಎಮ್ಮಿ ಬಗ್ಗೆ ಏನೂ ಬರದಿಲ್ಲವ್ವ. ಬ್ಯಾರೆ ವ್ಯಾಪಾರದ ಹೆಸರು ಕಾಣಬಾರದು ಅಂತ ಐತಿ."

"ಇಲ್ಲಿ ಓದಾಕ ಯಾರಿಗೆ ಬರತೈತಿ?"

"ನನಗೂ ಬರತಿರಲಿಲ್ಲ. ನೀನ ಓದಿ ಹೇಳಿದಿ."

ಬೂಟಿನ ಕಥೆ ಹೇಳಿದೆ. ಬಾರ್ಬಕ್ಕನ ಕಣ್ಣು ಕನ್ನಡಕದ ಹಿಂದೆ ಮೆತ್ತಗಾದವು, ಕೈ ಮಾತ್ರ ಮೆತ್ತಗಾಗಲಿಲ್ಲ. "ನನ್ನ ಕೆಲಸ ಹೋಗತೈತಿ ತಂಗಿ" ಎಂದು, ಎರಡನೇ ಸಾಲಿನ ಮೇಲೆ ಈ ತುದಿಯಿಂದ ಆ ತುದಿಗೆ ಪಟ್ಟಿ ಎಳೆದು, ಹೆಬ್ಬೆರಳಿನಿಂದ ಒತ್ತಿದಳು. ಬೆನ್ನಿಗೂ ಹಚ್ಚಿದಳು. ದೇವರು ಉಳಿದ, ಅಂಗಡಿ ಹೋಯಿತು.

ಹೆಸರು ಕರೆದರು. ಹೋದೆ. ಕೈ ಕುಲುಕಿ ಕಾಗದ ಕೊಟ್ಟರು. ಮಾವ ಹೇಳಿದ್ದ ಹಾಗೆ ಅದನ್ನು ಹೊಟ್ಟೆಯ ಹತ್ತಿರವೇ ಹಿಡಿದೆ. ಫೋಟೋದಲ್ಲಿ ನನ್ನ ಎದೆಯ ಮೇಲೆ ಶ್ರೀ ಬೀರಲಿಂಗೇಶ್ವರ, ಅವನ ಕೆಳಗೆ ಕಾಡಿಗೆ ಬಳಿದಂತೆ ಒಂದು ಕರಿ ಗೆರೆ. ನನ್ನ ಮುಖದಲ್ಲಿ ನಗು ಇಲ್ಲ. ಮಾವನ ಕರಾರಿನಲ್ಲಿ ನಗುವಿನ ಬಗ್ಗೆ ಏನೂ ಇರಲಿಲ್ಲ ಅನ್ನಿ.

ಮತ್ತೆ ಕೊಟ್ಟೂರು

ಅಂಗಡಿಗೆ ಹೋದಾಗ ಮಾವ ಗಿರಾಕಿಯೊಬ್ಬನ ಜೊತೆ ಹತ್ತಿಕಾಳು ಹಿಂಡಿಯ ಬೆಲೆಗೆ ಜಗಳವಾಡುತ್ತಿದ್ದ. ನನ್ನನ್ನು ಕಂಡವನೇ ತಕ್ಕಡಿ ಬಿಟ್ಟು ಕೈ ಚಾಚಿದ. "ಫೋಟೋ?"

ಫೋನು ಕೊಟ್ಟೆ. ದೂರ ಹಿಡಿದು ನೋಡಿದ. ಹತ್ತಿರ ಹಿಡಿದು ನೋಡಿದ. ಪರದೆಯನ್ನು ಪಂಚೆಯ ಅಂಚಿನಿಂದ ಒರೆಸಿ ಮತ್ತೆ ನೋಡಿದ. ಕರಿ ಗೆರೆ ಹೋಗಲಿಲ್ಲ.

"ನನ್ನ ಅಂಗಡಿ ಎಲ್ಲೈತಲೇ?"

"ಅದರ ಕೆಳಗ ಐತಿ ಮಾವ."

ನಡೆದದ್ದನ್ನೆಲ್ಲ ಹೇಳಿದೆ. ಏನನ್ನೂ ಮುಚ್ಚಿಡಲಿಲ್ಲ, ಮುಚ್ಚುವ ಕೆಲಸವನ್ನು ಬಾರ್ಬಕ್ಕ ಆಗಲೇ ಮುಗಿಸಿದ್ದಳು. "ಹೆಸರು ಕಾಣಲಿಲ್ಲ. ಕರಾರು ಮುರೀತು. ಬೂಟಿಗೆ ಬ್ಯಾರೆ ಎಲ್ಲೆರ ಕೇಳ್ತೀನಿ" ಎಂದು ಎದ್ದೆ.

"ಕುಂದರು" ಎಂದ ಮಾವ. ಅವನ ಹುಬ್ಬು ಗಂಟಿಕ್ಕಿತ್ತು. "ಆ ಕಂಪನಿ ಎಷ್ಟು ದೊಡ್ಡದಂದಿ?"

"ಬಾಳ ದೊಡ್ಡದು. ದೇಶ ದೇಶದಾಗ ಐತಿ."

"ಅಷ್ಟು ದೊಡ್ಡ ಕಂಪನಿ ನನ್ನ ಹಿಂಡಿ ಅಂಗಡಿ ಹೆಸರು ಕಾಣಬಾರದು ಅಂತ ಪಟ್ಟಿ ಹಚ್ಚಿಸೇತಿ?"

"ಹೂಂ."

ಹುಬ್ಬು ನಿಧಾನವಾಗಿ ಬಿಚ್ಚಿಕೊಂಡಿತು. ಗಿರಾಕಿಯ ಕಡೆ ತಿರುಗಿದ.

"ಕೇಳಿದೇನೋ ಬಸಣ್ಣ? ಅಮೆರಿಕಾದ ಕಂಪನಿಗೆ ನನ್ನ ಕಂಡ್ರ ಹೆದರಿಕಿ! ನೀನು ನೋಡಿದ್ರ ಇಲ್ಲಿ ಬೆಲಿ ಕಡಿಮಿ ಮಾಡು ಅಂತಿ!"

ಬಸಣ್ಣ ಫೋನು ಇಸಿದುಕೊಂಡು ಗೆರೆಯನ್ನು ಗೌರವದಿಂದ ನೋಡಿದ. ಮೊದಲು ಹೇಳಿದ ಬೆಲೆಗೇ ಹಿಂಡಿ ತೂಗಿಸಿಕೊಂಡ.

ಆಮೇಲೆ ನಾನು ಸರ್ಟಿಫಿಕೇಟನ್ನು ಮಾವನ ಕೈಗೆ ಕೊಟ್ಟೆ. ಅವನು ಕೈಯನ್ನು ಪಂಚೆಗೆ ಒರೆಸಿಕೊಂಡು, ಎರಡೂ ಕೈಯಲ್ಲಿ ಹಿಡಿದ. ಓದಲು ಬಾರದ ಅಕ್ಷರಗಳ ಮೇಲೆ ಬೆರಳಾಡಿಸುತ್ತಾ ಹೋಗಿ, ನನ್ನ ಹೆಸರು ಯಾವುದು ಎಂದು ಕೇಳಿದ. ತೋರಿಸಿದೆ. ಅಲ್ಲಿ ಬೆರಳು ಬಹಳ ಹೊತ್ತು ನಿಂತಿತು. ಆಗದ ಮಾತು ಎಂದು ಇನ್ನೊಂದು ಸಲ ಹೇಳುತ್ತಾನೇನೋ ಎಂದು ಕಾದೆ. ಬೆರಳು ಕೆಳಗಿಳಿದು ಮೂಲೆಯಲ್ಲಿದ್ದ ಒಂದು ಸಣ್ಣ ಗುರುತಿನ ಮೇಲೆ ನಿಂತಿತು.

"ಇದು ಅದನ ಏನು? ಆ ಬೂಟಿನ ಕಂಪನೀದು?"

"ಹೂಂ ಮಾವ."

ಅವನು ಗಲ್ಲಾಪೆಟ್ಟಿಗೆಯ ಡ್ರಾ ಎಳೆದು, ಹರಿದ ಚೀಲಗಳಿಗೆ ಹಚ್ಚುವ ಕರಿ ಪಟ್ಟಿ ತೆಗೆದು, ಹಲ್ಲಿನಿಂದ ಕಡಿದು, ಆ ಗುರುತಿನ ಮೇಲೆ ಹಚ್ಚಿ ಹೆಬ್ಬೆರಳಿನಿಂದ ಒತ್ತಿದ. ನನ್ನ ಹೆಸರಿಗೆ ತಾಗದ ಹಾಗೆ. ಆಮೇಲೆ ಸರ್ಟಿಫಿಕೇಟನ್ನು ಮನೆದೇವರ ಪಟದ ಪಕ್ಕದ ಮೊಳೆಗೆ ಆನಿಸಿ ನಿಲ್ಲಿಸಿ, ಹಿಂದೆ ಸರಿದು ನೋಡಿ ಹೇಳಿದ:

"ನನ್ನ ಅಂಗಡ್ಯಾಗ ಬ್ಯಾರೆ ಕಂಪನಿ ಹೆಸರು ಕಾಣಂಗಿಲ್ಲವ್ವ ಮಾಳಮ್ಮ. ನಮಗೂ ಕರಾರು ಐತಿ. ಹೋಗು, ಹುಡುಗ್ಯಾರ ಕಾಲಿನ ಅಳತಿ ತಗೊಂಡು ಬಾ."